ಹದಿನಾರು ಬೈಟಿನಲ್ಲಿ ತುಂಡಾದ ಹೆಸರುಗಳು

ಜವರಪ್ಪನವರ ಮೇಲೆ ಮೋಸದ ಆರೋಪ ಬರಲು ಕಾರಣ ನಾನು. ಅದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ — ಅಷ್ಟೇ ಅಲ್ಲ, ಅವರು ಕೈಮುಗಿದು ಹೇಳಿದ ಕೃತಜ್ಞತೆಯನ್ನೂ ಸುಮ್ಮನೆ ಸ್ವೀಕರಿಸಿದೆ.

ಎರಡು ಸಾವಿರದ ಈಚಿನ ವರ್ಷಗಳು. ಹಾಸನದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಬಾವಿ ನೀರಿನ ಪರೀಕ್ಷೆ ನಡೆಯುತ್ತಿತ್ತು. ಕಂಪ್ಯೂಟರ್ ಕೆಲಸ ನನ್ನದು. ಕಟ್ಟಾಯದ ಜವರಪ್ಪ ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ ಬಾಟಲಿಗಳಲ್ಲಿ ನೀರು ತರುತ್ತಿದ್ದರು. ಪ್ರತಿ ಬಾಟಲಿಗೂ ಅವರ ದುಂಡಕ್ಷರದ ಚೀಟಿ. ಫೈಲಿನಲ್ಲಿ ಬಾವಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದು ರೂಢಿ. ಕನ್ನಡದಲ್ಲೇ ಇರಲಿ ಎಂದು ಹಟ ಹಿಡಿದವಳು ನಾನು. ಮೊದಲ ಪ್ರಯತ್ನಕ್ಕೆ ಮೊಸಳೆ ಎಂಬ ಊರಿನ ಎಂಟು ಬಾವಿಗಳನ್ನು ಆರಿಸಿಕೊಂಡೆ — ಮೊಸಳೆ ಕೆರೆ ಬಾವಿ, ಮೊಸಳೆ ತೋಟದ ಬಾವಿ, ಹೀಗೆ. ಎಷ್ಟು ಖುಷಿಯಿಂದ ಮಾಡಿದ್ದೆ ಆ ಕೆಲಸವನ್ನು!

ಮರುವಾರ ನಮ್ಮ ಮುಖ್ಯಸ್ಥರು ಆ ಫೈಲನ್ನು ತೆರೆದು ನೋಡಿದರು. ಎಂಟು ಸಾಲಿನಲ್ಲೂ ‘ಮೊಸಳೆ’ ಅಂತಷ್ಟೇ ಇತ್ತು. ಅಂಕಿಗಳೂ ಹೆಚ್ಚುಕಡಿಮೆ ಒಂದೇ ಥರ. ಜವರಪ್ಪನವರನ್ನು ಕರೆಸಿದರು.

“ಒಂದೇ ಬಾವಿ ನೀರನ್ನ ಎಂಟು ಬಾಟಲಿಗೆ ತುಂಬಿ ತಂದಿದ್ದೀರಿ, ಅಲ್ವೇನ್ರೀ?”

“ಇಲ್ಲ ಸಾ, ದೇವ್ರಾಣೆ. ಎಂಟು ಬಾವಿಗೂ ಓಗಿದ್ದೆ ಸಾ.”

ಹೇಳುತ್ತ ನನ್ನತ್ತ ನೋಡಿದರು. ಹೆಸರುಗಳನ್ನು ಟೈಪ್ ಮಾಡಿದವಳು ನಾನೇ, ಬೇರೆ ಬೇರೆ ಇದ್ದ ನೆನಪೂ ಇತ್ತು — ಆದರೆ ಪರದೆ ಕಣ್ಣ ಮುಂದಿತ್ತು, ಮುಖ್ಯಸ್ಥರು ಸಿಟ್ಟಿನಲ್ಲಿದ್ದರು, ನಾನು... ಸುಮ್ಮನಿದ್ದೆ. ಅವತ್ತೇ ಅವರನ್ನು ಕೆಲಸದಿಂದ ಕಳಿಸಿಬಿಟ್ಟರು.

ಮೂರು ವಾರದ ಮೇಲೆ, ಫೈಲು ನೋಡುವ ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಂಡೆ. ಹಳೆಯದು ಅಕ್ಷರಗಳನ್ನು ಮಾತ್ರ ತೋರಿಸುತ್ತಿತ್ತು. ಹೊಸದು ಅವನ್ನು ಫೈಲಿನಲ್ಲಿ ಹೇಗೆ ಇಡಲಾಗಿದೆ ಎಂಬುದನ್ನೂ ಪಕ್ಕದಲ್ಲಿ ತೋರಿಸುತ್ತಿತ್ತು: ಯೂನಿಕೋಡ್ ಪಠ್ಯ, ನಿಗದಿತ ಉದ್ದ, ಹದಿನಾರು ಬೈಟು. ಅಂದರೆ ಒಂದು ಹೆಸರಿಗೆ ಅಷ್ಟೇ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಅದರ ಎತ್ವ, ಒತ್ವದಂಥ ಗುರುತಿಗೆ ಮತ್ತೆ ಮೂರು. ‘ಮೊಸಳೆ’ಗೆ ಹದಿನೈದು ಹೋಯಿತು, ಮುಕ್ತಾಯದ ಗುರುತಿಗೆ ಒಂದು. ಉಳಿದದ್ದೆಲ್ಲ ಕತ್ತರಿಸಿಹೋಗಿತ್ತು. ಇಂಗ್ಲಿಷಿಗೆಂದು ಇಟ್ಟಿದ್ದ ಅಳತೆಯನ್ನು ಬದಲಾಯಿಸಲು ಮರೆತವಳು ನಾನು.

ಕಪಾಟಿನಲ್ಲಿ ಎತ್ತಿಟ್ಟಿದ್ದ ಜವರಪ್ಪನವರ ಚೀಟಿಗಳನ್ನು ತೆಗೆದು, ಉದ್ದ ಹೆಚ್ಚಿಸಿ, ಹೆಸರುಗಳನ್ನು ಮತ್ತೆ ತುಂಬಿದೆ. ಮುಖ್ಯಸ್ಥರಿಗೆ, “ಹೆಸರುಗಳಲ್ಲಿ ಏನೋ ತಪ್ಪಾಗಿತ್ತು ಸಾರ್, ಸರಿ ಮಾಡಿದ್ದೀನಿ” ಎಂದೆ. ಏನೋ! ಯಾರ ತಪ್ಪೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಎಂಟು ಹೆಸರೂ ಬೇರೆ ಬೇರೆ ಇದ್ದದ್ದನ್ನು ಕಂಡು ಅವರನ್ನು ಮತ್ತೆ ಕೆಲಸಕ್ಕೆ ಕರೆಸಿಕೊಂಡರು. ಹೆಸರು ಸರಿ ಮಾಡಿದ್ದು ನಾನೆಂದು ತಿಳಿದು ಜವರಪ್ಪ ನೆಟ್ಟಗೆ ನನ್ನ ಮೇಜಿನ ಹತ್ತಿರ ಬಂದರು.

“ನಿಮ್ಮಿಂದ ನನ್ ಮಾನ ಉಳೀತು ಕಣವ್ವಾ.”

ನಾನು ನಕ್ಕೆ — ನಕ್ಕೆನಲ್ಲ!

ಆಮೇಲಿನ ವರ್ಷಗಳು ಇಬ್ಬರಿಗೂ ಒಳ್ಳೆಯವೇ. ನಿವೃತ್ತಿಯವರೆಗೆ ಅವರು ಗೌರವದಿಂದ ದುಡಿದರು. ಹೊಳೆನರಸೀಪುರದ ನಮ್ಮ ಮನೆಗೆ ಅವರ ಹಿತ್ತಲ ಅವರೆಕಾಯಿ ತಪ್ಪದೆ ಬರುತ್ತಿತ್ತು. ಅದನ್ನು ಸುಲಿಯುವಾಗಲೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು, ಆಮೇಲೆ... ಮುಂದಿನ ಸಲ, ಅಂದುಕೊಳ್ಳುತ್ತಿದ್ದೆ.

ಕಳೆದ ತಿಂಗಳು ಕಟ್ಟಾಯಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಜವರಪ್ಪ ಎಲೆಅಡಿಕೆ ತಟ್ಟೆಯನ್ನು ನನ್ನ ಮುಂದೆ ಸರಿಸಿದರು.

“ನಂಗೇನೂ ಬ್ಯಾಸ್ರ ಇಲ್ಲ ಕಣವ್ವಾ, ಚೆನ್ನಾಗೇ ಬದ್ಕಿದ್ದೀನಿ. ಆದ್ರೆ ನಮ್ಮನೇವ್ಳಿಗೂ ಒಂದ್ ಮಾತು ಏಳ್ಬುಡಿ. ನಾನು ಮೋಸ ಮಾಡಿದ್ದೆ, ಸಾಹೇಬ್ರು ಪಾಪ ಅಂತ ನನ್ನ ಕ್ಷಮಿಸಿ ಕರುಸ್ಕೊಂಡ್ರು ಅಂತ್ಲೇ ಅವ್ಳು ತಿಳ್ಕೊಂಡವ್ಳೆ.”

ಆಕೆ ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು. ಪಕ್ಕದಲ್ಲಿ ಕೂತು, “ತಪ್ಪು ನನ್ನದು ಕಣಮ್ಮ, ಅವರದ್ದಲ್ಲ” ಎಂದು ಮೊದಲಿನಿಂದ ಹೇಳಿದೆ. ಮೊರ ಕೈಯಲ್ಲೇ ನಿಂತಿತು. ಆಕೆ ನನ್ನ ಮುಖ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದರು — ನೋಡುತ್ತಲೇ ಇದ್ದರು.

ಆ ನೋಟ ಜವರಪ್ಪನವರಿಗೆ ಎಂದೋ ಸಿಗಬೇಕಿತ್ತು. ತಡೆದವಳು ನಾನು.