ಕಡೂರಿನಲ್ಲಿ ಹಾಕಿದ ಮೂಗರ್ಜಿ

ಮೂಗರ್ಜಿಯನ್ನು ಸ್ವಂತ ಊರಿನ ಅಂಚೆ ಡಬ್ಬಕ್ಕೆ ಹಾಕಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬರೆದವನ ಹೆಸರಿಲ್ಲದಿದ್ದರೂ ಲಕೋಟೆಯ ಮೇಲೆ ಊರಿನ ಮೊಹರು ಬೀಳುತ್ತದೆ. ನಾನು ಅಜ್ಜಂಪುರದವನು. ಅದಕ್ಕೇ ತಾಮ್ರದ ತಂತಿ ತರುವ ನೆಪ ಹೇಳಿ ಬಸ್ಸು ಹತ್ತಿದೆ, ಕಡೂರಿನಲ್ಲಿ ಇಳಿದು ಅಲ್ಲಿಯ ಡಬ್ಬಕ್ಕೆ ಹಾಕಿ ಬಂದೆ. ಅದು ನನ್ನ ಒಡಹುಟ್ಟಿದ ತಂಗಿಯ ಮೇಲೆ ನಾನು ಬರೆದ ಅರ್ಜಿ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ನನ್ನ ಕೆಲಸ. ಮೋಟಾರು ತಂದವರೆಲ್ಲ “ಸುಮ್ನೆ ನಿಂತೋಯ್ತು ಕಣಣ್ಣ, ನಾವೇನೂ ಮಾಡ್ಲಿಲ್ಲ” ಎನ್ನುತ್ತಾರೆ. ಬಿಚ್ಚಿ ನೋಡಿದರೆ ನೀರಿಲ್ಲದೆ ಓಡಿಸಿದ್ದೋ, ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋಗಿದ್ದಾಗ ಓಡಿಸಿದ್ದೋ, ಕಪ್ಪಾದ ಸುರುಳಿಯಲ್ಲೇ ಕಾಣುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿ, ಯಾರು ಏನು ಹೇಳಿದರೂ ಒಳಗೆ ಬೇರೆ ಏನೋ ಇದೆ ಎಂದು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಅಂಗಡಿಯಲ್ಲಿ ಅದರಿಂದ ಅನ್ನ ಹುಟ್ಟುತ್ತದೆ. ಮನೆಯಲ್ಲಿ ಏನಾಯಿತು ಎಂಬುದನ್ನು ಬರೆಯಲೆಂದೇ ಕೂತಿದ್ದೇನೆ.

ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಪ್ರವೇಶ ಪರೀಕ್ಷೆ ಪಾಸಾಗಿದ್ದರೂ ಇಲ್ಲಿ ಡಾಕ್ಟರ್ ಸೀಟು ಸಿಗುವಷ್ಟು ಅಂಕ ಇರಲಿಲ್ಲ. ಹಾಗಾಗಿ ಹಿಮ ಬೀಳುವ ಒಂದು ದೇಶಕ್ಕೆ ಓದಲು ಹೋದಳು. ಎರಡನೇ ವರ್ಷ ಕೊರೋನಾ ಬಂದು ಮನೆಗೆ ವಾಪಸಾಗಿ, ಮಹಡಿಯ ಕೋಣೆಯಲ್ಲಿ ಫೋನು ಹಿಡಿದು ಪಾಠ ಕೇಳಿದಳು. ಮತ್ತೆ ಹೋದಳು. ಓದು ಮುಗಿಸಿ, ಅಲ್ಲಿಯ ಆಸ್ಪತ್ರೆಯಲ್ಲಿ ಒಂದು ವರ್ಷ ಕೆಲಸ ಕಲಿತು ಬಂದಳು. ಅವ್ವ ಬೀದಿಗೆಲ್ಲ ಮಗಳು ಡಾಕ್ಟರಾದಳು ಎಂದು ಹೇಳಿಕೊಂಡು ಬಂದರು.

ಆದರೆ ಅವಳು ಡಾಕ್ಟರಾಗುವುದು ಮುಗಿಯಲೇ ಇಲ್ಲ. ಹೊರದೇಶದಲ್ಲಿ ಓದಿದವರು ಇಲ್ಲಿ ಇನ್ನೊಂದು ಪರೀಕ್ಷೆ ಬರೆಯಬೇಕು ಎಂದಳು. ಮೊದಲ ಸಲ ಅದು ಆಗಲಿಲ್ಲ. ಎರಡನೇ ಸಲ ಆಯಿತು ಎಂದು ಫೋನಿನಲ್ಲಿ ಏನೋ ತೋರಿಸಿದಳು. ನನಗೆ ಇಂಗ್ಲಿಷ್ ಅಕ್ಷರ ಗೊತ್ತೇ ಹೊರತು ಓದಿದರೆ ಅರ್ಥವಾಗುವುದಿಲ್ಲ. ಪರೀಕ್ಷೆಯಾದ ಮೇಲೆ ಬೆಂಗಳೂರಿನ ಕಚೇರಿಯಲ್ಲಿ ತಾತ್ಕಾಲಿಕ ನೋಂದಣಿ ಆಗಬೇಕು, ನೋಂದಣಿಯಾದರೆ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು ಎಂದಳು.

“ಅಲ್ಲೇ ಮಾಡಿದ್ಯಲ್ಲ ಒಂದ್ ವರ್ಷ?” ಎಂದು ಕೇಳಿದೆ.

“ಇಲ್ಲೂ ಮಾಡ್ಬೇಕು ಅಣ್ಣ. ರೂಲ್ಸು.”

“ಪಾಸಾದೋರ್ಗೆ ಮತ್ತೆ ಪರೀಕ್ಷೆ, ಕೆಲ್ಸ ಕಲ್ತೋರ್ಗೆ ಮತ್ತೆ ಕಲಿಯೋದು. ಒಳ್ಳೆ ರೂಲ್ಸ್ ಬಿಡು.”

“ನಾನ್ ಮಾಡಿದ್ದಲ್ಲ ಕಣಣ್ಣ ಅದು.”

ಅವಳು ನಕ್ಕಳು. ಆ ನಗುವಿನಲ್ಲೂ ನನಗೆ ಏನೋ ಮುಚ್ಚಿಟ್ಟ ಹಾಗೆ ಕಂಡಿತು. ಮುಂದಿನ ವಾರ ಪಾಸ್‌ಪೋರ್ಟಿನ ಎಲ್ಲ ಪುಟಗಳ ಜೆರಾಕ್ಸ್ ಮಾಡಿಸಿದಳು. ಯಾವ ದಿನ ಆ ದೇಶಕ್ಕೆ ಹೋದಳು, ಯಾವ ದಿನ ಬಂದಳು ಎಂದು ಕಚೇರಿಯವರು ಸೀಲು ನೋಡುತ್ತಾರಂತೆ. ಫೋನಿನಲ್ಲಿ ಕೇಳಿದ ಪಾಠವನ್ನು ಕಾಲೇಜಿನಲ್ಲಿ ಕೂತು ಮತ್ತೆ ಕಲಿತಿದ್ದಾಳೆ ಎಂದು ಆ ಕಾಲೇಜು ಬರೆದುಕೊಡಬೇಕಂತೆ. ಡಾಕ್ಟರ್ ಕೆಲಸಕ್ಕೆ ಪಾಸ್‌ಪೋರ್ಟಿನ ಸೀಲು ಯಾಕೆ? ಅದು ಪೊಲೀಸರು ಕೇಳುವ ವಸ್ತು ಎಂದು ನನ್ನ ತಲೆಯಲ್ಲಿ ಕೂತಿತು. ಅವಳು ಮನೆಯಲ್ಲಿಲ್ಲದಾಗ ಬೀರು ತೆಗೆದು ಪಾಸ್‌ಪೋರ್ಟು ನೋಡಿದೆ. ಅವಳು ಓದಿದ ದೇಶದ್ದಲ್ಲದ ಒಂದು ಸೀಲು ಅದರಲ್ಲಿತ್ತು. ಅಲ್ಲಿಗೆ ಯಾಕೆ ಹೋಗಿದ್ದಳು, ಯಾರ ಜೊತೆ ಹೋಗಿದ್ದಳು? ಕೇಳಲಿಲ್ಲ. ಕೇಳಿದರೆ ಬೀರು ತೆಗೆದದ್ದು ಗೊತ್ತಾಗುತ್ತಿತ್ತು.

ಆ ತಿಂಗಳಲ್ಲೇ ತರೀಕೆರೆಯಲ್ಲಿ ನಂಟರ ಮದುವೆ. ಊಟದ ಪಂಕ್ತಿಯಲ್ಲಿ ಸೋದರಮಾವ ಪಕ್ಕದಲ್ಲಿ ಕೂತಿದ್ದರು.

“ಏನಪ್ಪಾ, ನಿನ್ ತಂಗಿ ಡಾಕ್ಟ್ರಾಗಿ ಬಂದವ್ಳಂತೆ. ಬೋರ್ಡ್ ಎಲ್ಲಿ ಹಾಕವ್ಳೆ?”

“ಇನ್ನೂ ಏನೋ ಪೇಪರ್ ಬರ್ಬೇಕಂತೆ ಮಾವ.”

“ಬರ್ಲಿ ಬರ್ಲಿ. ನಮ್ಮೂರ್ ಕಾಂಪೌಂಡರ್ರೂ ಮೂವತ್ ವರ್ಷ ಹಂಗೇ ಅಂತಿದ್ದ.”

ಎದುರಿನ ಸಾಲಿನವರೂ ನಕ್ಕರು. ನಾನೂ ನಕ್ಕೆ. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮೂರು ದಿನ ಬಿಟ್ಟು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಎಡಗೈಯಲ್ಲಿ ಬರೆದೆ. ಈ ಹುಡುಗಿ ನಿಜವಾಗಿ ಪಾಸಾಗಿದ್ದಾಳೋ ಇಲ್ಲವೋ, ಅಲ್ಲಿಯೇ ಇದ್ದು ಓದಿದ್ದಾಳೋ ಇಲ್ಲವೋ, ಬೇರೆ ದೇಶಕ್ಕೆ ಯಾಕೆ ಹೋಗಿದ್ದಳು, ದಯಮಾಡಿ ವಿಚಾರಿಸಬೇಕು. ಕೆಳಗೆ ‘ಸಾರ್ವಜನಿಕರು’ ಎಂದು ಹಾಕಿದೆ. ಬೆಂಗಳೂರಿನ ಆ ಕಚೇರಿಯ ಇಂಗ್ಲಿಷ್ ವಿಳಾಸವನ್ನು, ಅವಳು ಅಲ್ಲಿಗೆ ಕಳಿಸಲು ಬರೆದಿಟ್ಟಿದ್ದ ಲಕೋಟೆ ನೋಡಿ ಒಂದೊಂದೇ ಅಕ್ಷರ ಇಳಿಸಿದೆ. ಪಾಸಾಗಿದ್ದರೆ ಅವಳಿಗೇನು ನಷ್ಟ, ಆಗಿಲ್ಲದಿದ್ದರೆ ನಮಗೆ ಗೊತ್ತಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಅವಳು ಹೇಳಿದ್ದು ಸುಳ್ಳಾಗಿದ್ದರೆ, ಏಳನೇ ಕ್ಲಾಸಿನ ನನಗೆ ಎಲ್ಲೋ ಒಂದು ಕಡೆ ಸಮಾಧಾನವಾಗುತ್ತಿತ್ತು.

ಒಂದೂವರೆ ತಿಂಗಳಾದ ಮೇಲೆ ಅವಳು ಬೆಂಗಳೂರಿನಿಂದ ಬಂದು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತಳು. ಕಚೇರಿಯವರು ಅವಳ ಫೈಲನ್ನು ಪಕ್ಕಕ್ಕೆ ತೆಗೆದಿಟ್ಟಿದ್ದರು. ಆ ದೇಶದ ಕಾಲೇಜಿಗೆ ರಾಯಭಾರ ಕಚೇರಿಯ ಮೂಲಕ ಕಾಗದ ಬರೆದಿದ್ದರು. ಉತ್ತರ ಬರುವವರೆಗೆ ನೋಂದಣಿಯಿಲ್ಲ. ನೋಂದಣಿಯಿಲ್ಲದೆ ಇಂಟರ್ನ್‌ಶಿಪ್‌ಗೆ ಆಸ್ಪತ್ರೆ ಹಂಚುವ ಪಟ್ಟಿಯಲ್ಲಿ ಹೆಸರಿಲ್ಲ. ಅವಳ ಜೊತೆ ಪಾಸಾದವರೆಲ್ಲ ಆ ಸಲ ಸೇರಿಕೊಂಡರು.

“ಯಾರೋ ಅರ್ಜಿ ಹಾಕವ್ರೆ,” ಎಂದಳು. “ಅಲ್ಲಿರೋ ಗುಮಾಸ್ತ್ರು ಹೇಳಿದ್ರು. ಕವರ್ ಮೇಲೆ ಕಡೂರ್ ಸೀಲ್ ಐತಂತೆ.”

ಕಡೂರಿನಲ್ಲಿ ಅವಳಿಗೆ ಗೊತ್ತಿದ್ದದ್ದು ಒಬ್ಬಳೇ. ಜೊತೆಯಲ್ಲೇ ಹೋಗಿ, ಒಂದೇ ಕೋಣೆಯಲ್ಲಿದ್ದು, ಒಂದೇ ಕಾಲೇಜಿನಲ್ಲಿ ಓದಿದ ಗೆಳತಿ. ಆ ಹುಡುಗಿಗೆ ಇಲ್ಲಿಯ ಪರೀಕ್ಷೆ ಎರಡು ಸಲವೂ ಆಗಿರಲಿಲ್ಲ.

“ಹೊಟ್ಟೆಕಿಚ್ಚು ಕಣೇ,” ಎಂದರು ಅವ್ವ. “ತನಗಾಗ್ಲಿಲ್ಲ, ನಿನಗೂ ಆಗ್ಬಾರ್ದು ಅಂತ.”

ತಂಗಿ ನನ್ನ ಮುಖ ನೋಡಿದಳು. ಅರ್ಜಿ ಹಾಕಿದ್ದಕ್ಕಿಂತ ದೊಡ್ಡ ತಪ್ಪು ಆ ಹೊತ್ತಿನಲ್ಲಿ ಮಾಡಿದೆ. “ಈಗಿನ ಕಾಲ್ದಲ್ಲಿ ಯಾರ್ನೂ ನಂಬಂಗಿಲ್ಲ,” ಎಂದೆ. ಅವಳು ಅಲ್ಲೇ ಕೂತು ಗೆಳತಿಯ ನಂಬರನ್ನು ಬ್ಲಾಕ್ ಮಾಡಿದಳು.

ಕಾಯುವ ದಿನಗಳು ಶುರುವಾದವು. ಪಕ್ಕದ ಮನೆಯ ಅಜ್ಜಿ ಬಂದು ಬಿಪಿ ಮಾತ್ರೆ ಬರೆದುಕೊಡು ಎಂದರೆ, “ನೋಂದಣಿ ನಂಬರ್ ಬರೋಗಂಟ ನಾನ್ ಬರೆಯಂಗಿಲ್ಲ ಕಣಜ್ಜಿ, ಕಾನೂನು” ಎಂದು ಕೈ ಮುಗಿಯುತ್ತಿದ್ದಳು. ಒಂದು ದಿನ ಅಜ್ಜಿ ಹೊರಗೆ ಬಂದು ನನ್ನ ಹತ್ತಿರ, “ನಿಜ್ವಾಗ್ಲೂ ಓದವ್ಳೇನೋ?” ಎಂದು ಪಿಸುಗುಟ್ಟಿದರು. ಮೊದಲಾಗಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ಸುಳ್ಳು ಡಾಕ್ಟರಾಗಿದ್ದರೆ ಬರೆದುಕೊಡುತ್ತಿದ್ದಳಲ್ಲ ಎಂದು ಆ ದಿನ ಹೊಳೆಯಿತು. ಅಷ್ಟು ಹೊಳೆಯಲು ನನಗೆ ಅಷ್ಟು ದಿನ ಬೇಕಾಯಿತು.

ಒಂದು ಮಧ್ಯಾಹ್ನ ಆ ಗೆಳತಿಯೇ ಕಡೂರಿನಿಂದ ನನ್ನ ಅಂಗಡಿಗೆ ಬಂದಳು. ಮನೆಗೆ ಹೋಗಲು ಧೈರ್ಯ ಬರಲಿಲ್ಲವಂತೆ. ಸುರುಳಿಗೆ ಹಚ್ಚುವ ವಾರ್ನಿಷಿನ ವಾಸನೆಗೆ ದುಪಟ್ಟಾ ಮೂಗಿಗೆ ಹಿಡಿದು ನಿಂತಿದ್ದಳು.

“ಅಣ್ಣಾ, ಅವ್ಳು ನನ್ ಫೋನ್ ಎತ್ತಲ್ಲ. ನಾನೇನ್ ತಪ್ ಮಾಡಿದೀನಿ ಅಂತನಾದ್ರೂ ಹೇಳಿ.”

“ಅದೇ ಪೇಪರ್ ಟೆನ್ಷನ್ ಕಣಮ್ಮ. ಸರಿಹೋಯ್ತಾಳೆ.”

“ನಾನ್ ಪಾಸಾಗ್ಲಿಲ್ಲ ಅಂತ ಬಿಟ್ಬಿಟ್ಳಾ?”

“ಹಂಗೇನಿಲ್ಲ,” ಎಂದೆ. ಟೀ ತರಿಸಿದೆ, ಅವಳು ಕುಡಿಯಲಿಲ್ಲ. ಅವಳು ಬಂದಿದ್ದಳೆಂದು ಮನೆಯಲ್ಲಿ ಹೇಳಲಿಲ್ಲ.

ಕೊನೆಗೆ ಕಾಲೇಜಿನ ಉತ್ತರ ಬಂತು. ಹಾಜರಾತಿ ಸರಿ ಇತ್ತು. ಬಿಟ್ಟುಹೋದ ಪಾಠಗಳನ್ನು ಅಲ್ಲಿಯೇ ಕೂತು ಕಲಿತದ್ದೂ ಸರಿ ಇತ್ತು. ಬೇರೆ ದೇಶದ ಸೀಲಿನ ಬಗ್ಗೆ ಕಚೇರಿಯವರು ಕೇಳಿದಾಗ ಅವಳು ಟಿಕೆಟ್ಟು ತೋರಿಸಿದ್ದಳು. ದಾರಿಯಲ್ಲಿ ವಿಮಾನ ರದ್ದಾಗಿ ಎರಡು ದಿನ ಆ ದೇಶದಲ್ಲಿ ಉಳಿಯಬೇಕಾಗಿತ್ತು, ಅಷ್ಟೆ. ನೋಂದಣಿಯಾಯಿತು. ಮುಂದಿನ ಹಂಚಿಕೆಯಲ್ಲಿ ಒಂದು ಜಿಲ್ಲಾ ಆಸ್ಪತ್ರೆ ಸಿಕ್ಕಿತು. ಅಷ್ಟರಲ್ಲಿ ಹತ್ತು ತಿಂಗಳು ಹೋಗಿದ್ದವು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವಳು ಸೂಟ್‌ಕೇಸಿನ ಕಿತ್ತುಹೋದ ಹಿಡಿ ಸರಿಮಾಡಿಸಲು ಅಂಗಡಿಗೆ ಬಂದಳು. ಅರ್ಜಿ ಬರೆದದ್ದು ನಾನೇ ಎಂದು ಸ್ಕ್ರೂ ಬಿಗಿಸುತ್ತಲೇ ಹೇಳಿದೆ. ತಲೆ ಎತ್ತಿದ್ದರೆ ಹೇಳಲಾಗುತ್ತಿರಲಿಲ್ಲ.

ಅವಳು ಬೈಯಲಿಲ್ಲ. ಮೊದಲು ಕೇಳಿದ್ದು, “ಇಂಗ್ಲಿಷ್ ಅಡ್ರೆಸ್ ಯಾರ್ ಬರ್ದಿದ್ದು? ಇನ್ಯಾರಿದ್ರು ಜೊತೇಲಿ?”

“ಯಾರೂ ಇಲ್ಲ. ನಿನ್ ಕವರ್ ನೋಡಿ ಬರ್ದೆ.”

“ಸೀಲ್ ವಿಷ್ಯ ಹೆಂಗ್ ಗೊತ್ತಾಯ್ತು?”

“ಬೀರು ತೆಗ್ದಿದ್ದೆ.”

“ನನ್ನ ಕೇಳ್ಬೋದಿತ್ತಲ್ಲಣ್ಣ.”

“ಕೇಳಿದ್ರೂ ನಂಬ್ತಿರ್ಲಿಲ್ಲ,” ಎಂದೆ. ಅದೊಂದು ಮಾತನ್ನು ಪೂರ್ತಿ ನಿಜವಾಗಿ ಹೇಳಿದೆ.

ಗೆಳತಿ ಇಲ್ಲಿಗೆ ಬಂದಿದ್ದನ್ನೂ ಹೇಳಿದೆ. ಆಗ ಕಣ್ಣು ಒರೆಸಿಕೊಂಡಳು. ಆಮೇಲೆ ಕಚೇರಿಯವರ ಹಾಗೆ ಮಾತಾಡಿದಳು. ಒಂದು ವರ್ಷ ಮುಗಿದ ಮೇಲೆ ಕಾಯಂ ನೋಂದಣಿಗೆ ಇದೇ ಫೈಲು ಮತ್ತೆ ತೆರೆಯುತ್ತಾರೆ, ಆ ಅರ್ಜಿ ಅದರೊಳಗೇ ಇರುತ್ತದೆ, ಹೊಸಬರು ಯಾರಾದರೂ ಓದಿದರೆ ಮತ್ತೆ ಅದೇ ಪ್ರಶ್ನೆ ಏಳಬಹುದು. “ನೀನೇ ಬರ್ದಿದ್ದು, ಗೊತ್ತಿಲ್ದೆ ಬರ್ದಿದ್ದು ಅಂತ ಹೆಸ್ರು ಹಾಕಿ ಬರ್ಕೊಡು. ಅದನ್ನೂ ಫೈಲಿಗೆ ಸೇರ್ಸ್ತೀನಿ.”

ನನ್ನ ಮೇಲೆ ಕೇಸಾಗುತ್ತದೇನೋ ಎಂದು ಆಗಲೂ ಅನುಮಾನ ಬಂತು. ಬಾಯಿ ಬಿಟ್ಟು ಕೇಳಿಯೂ ಕೇಳಿದೆ. “ಆದ್ರೆ ಆಗ್ಲಿ,” ಎಂದಳು.

ಬಿಲ್ ಪುಸ್ತಕದ ಪಕ್ಕದಲ್ಲಿ ಬಿಳಿ ಹಾಳೆ ಇಟ್ಟುಕೊಂಡು ಬರೆದು ಸಹಿ ಹಾಕಿದೆ. ಅವಳು ನಿಂತೇ ಎರಡು ಸಲ ಓದಿದಳು. ಎರಡು ಜೆರಾಕ್ಸ್ ಮಾಡಿಸಿದಳು. ಒಂದನ್ನು ಬ್ಯಾಗಿಗೆ ಹಾಕಿಕೊಂಡು ಕಡೂರಿನ ಬಸ್ಸಿಗೆ ಹೋದಳು. ಸಂಜೆ ಬಂದಾಗ ಗೆಳತಿ ಏನೆಂದಳು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವರಿಬ್ಬರು ಈಗ ಮಾತಾಡುತ್ತಾರೋ ಇಲ್ಲವೋ ನನಗೆ ತಿಳಿಯದು.

ಮರುದಿನ ಹೊರಡುವ ಮೊದಲು ಬಾಗಿಲಲ್ಲಿ ನಿಂತು, “ನನ್ ಮೇಲೆ ಬರ್ದಿರೋದೆಲ್ಲ ಇಷ್ಟೇನಾ, ಇನ್ನೂ ಏನಾದ್ರೂ ಐತಾ?” ಎಂದು ಕೇಳಿದಳು.

ಇಷ್ಟೇ ಎಂದೆ. ಅವಳು ತಲೆಯಾಡಿಸಿದಳು. ನಂಬಿದ ಹಾಗೆ ಕಾಣಲಿಲ್ಲ.