ಎಂಜಿನ್ ಬ್ರೇಕೂ ನನ್ನ ಊದುಗೊಳವೆಯೂ

ನನ್ನದೊಂದು ದುರಭ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಕೂತಾಗ ಮುಂದೆ ಇಳಿಜಾರು ಕಂಡರೆ ನನ್ನ ಬಲಗಾಲು ತಾನಾಗಿಯೇ ಕಾಲಡಿಯ ತಗಡನ್ನು ಒತ್ತಿ ಹಿಡಿಯುತ್ತದೆ. ರಸ್ತೆ ಸಮ ಆಗುವವರೆಗೆ ಬಿಡುವುದಿಲ್ಲ. ಪಕ್ಕದಲ್ಲಿ ಕೂತವರು, “ಯಾಕ್ರಿ ಯಕ್ಕಾ, ಕಾಲು ಹಿಡದಾವೇನ್ರಿ?” ಎಂದು ಕೇಳಿದರೆ, “ಹೂಂನ್ರಿ” ಎಂದು ಸುಮ್ಮನಾಗುತ್ತೇನೆ. ನಾನು ಬ್ರೇಕು ಹಾಕುತ್ತಿದ್ದೇನೆ ಎಂದು ಖರೆ ಹೇಳಿದರೆ ಅವರು ಸೀಟು ಬದಲಿಸಿಯಾರು.

ಅದರ ಮೇಲೆ ನಾನಿರುವ ಊರು ಇಳಕಲ್ಲು. ಇಳಿಜಾರಿಗೆ ಇಳುಕಲು ಎಂಬ ಮಾತೂ ಇದೆಯಲ್ಲ, ಅದಕ್ಕೂ ಊರಿನ ಹೆಸರಿಗೂ ಸಂಬಂಧ ಇದೆಯೋ ಇಲ್ಲವೋ ತಿಳಿದವರು ಹೇಳಬೇಕು. ಏಳನೇ ಇಯತ್ತೆಗೆ ಸಾಲೆ ಬಿಟ್ಟ ನಾನು ಮಾತ್ರ ಇದೆ ಎಂದೇ ನಂಬಿದ್ದೇನೆ. ಮದುವೆಯಾಗಿ ಇಲ್ಲಿಗೆ ಬಂದಮೇಲೆ ನಮ್ಮ ಮನೆತನ ಏರಿದ್ದನ್ನು ನಾನು ನೋಡಿಲ್ಲ.

ನಮ್ಮದು ನೇಕಾರರ ಮನೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾವನವರಿಗೆ, ಅಂದರೆ ನಮ್ಮ ಮನೆಯವರ ಅಣ್ಣನಿಗೆ, ಒಂದು ಯೋಚನೆ ಬಂತು. ಗಿರಾಕಿ ಅಂಗಡಿಗೆ ಬರದಿದ್ದರೆ ಅಂಗಡಿಯೇ ಗಿರಾಕಿಯ ಬಾಗಿಲಿಗೆ ಹೋಗಬೇಕು! ಯೋಚನೆಯೇನೋ ಕೆಟ್ಟದ್ದಲ್ಲ. ಘಾಟಿನ ದಾರಿಯಲ್ಲಿ ದುಡಿದು ದಣಿದ ಹಳೆಯ ಡೀಸೆಲ್ ಬಸ್ಸೊಂದನ್ನು ಹರಾಜಿನಲ್ಲಿ ಹಿಡಿದರು. ಹುನಗುಂದದ ಖಾಜಾಸಾಬ ಮಿಸ್ತ್ರಿಯ ಹತ್ತಿರ ಬಿಟ್ಟು ಸೀಟು ಕೀಳಿಸಿದರು. ಒಂದು ಕಡೆ ಇಳಕಲ್ ಸೀರೆಗೆ ಹಲಗೆಯ ಕಪಾಟು, ಇನ್ನೊಂದು ಕಡೆ ಗುಳೇದಗುಡ್ಡದ ಕುಪ್ಪಸದ ಖಣಕ್ಕೆ ಕಪಾಟು, ಹಿಂದೆ ಹೆಂಗಸರು ಕೂತು ನೋಡಲು ಜಮಖಾನೆ, ಒಂದು ನಿಲುವುಗನ್ನಡಿ. ನಮ್ಮ ಮನೆಯವರು ಮೊದಲು ಲಾರಿ ಓಡಿಸಿದವರು; ಹೀಗಾಗಿ ಸ್ಟೇರಿಂಗು ಅವರ ಪಾಲಿಗೆ ಬಂತು. ಯಜಮಾನಿಕೆ ಭಾವನವರದು.

ಕೆಲಸ ನಡೆದಾಗ ಒಮ್ಮೆ ನಾನೂ ಹೋಗಿದ್ದೆ, ಕಾಯಿ ಒಡೆದು ನಿಂಬೆಹಣ್ಣು ಕಟ್ಟಲು. ಮಿಸ್ತ್ರಿ ವಯಸ್ಸಾದ ಮನುಷ್ಯ. ಬಸ್ಸಿನಡಿಯಿಂದ ಹೊರಬಂದು ಹೊಗೆಯ ಕೊಳವೆಯತ್ತ ಕೈ ಮಾಡಿ, “ಯಕ್ಕಾ, ನಿಂಬೀಹಣ್ಣು ಇಲ್ಲಿ ಕಟ್ರಿ. ಇದು ಎಂಜಿನ್ ಬ್ರೇಕ್. ನಿಮ್ಮ ಮನ್ಯಾವ್ರನ್ನ ಕಾಯೂದು ಇದ” ಎಂದ.

ನನಗೇನು ತಿಳಿಯಬೇಕು? ತಿಳಿದಿಲ್ಲ ಎಂಬುದನ್ನು ಅವನೇ ಗುರುತಿಸಿದ.

“ನೀವು ಒಲಿ ಊದತೀರಿಲ್ಲ, ಊದಗೊಳವಿ ಆಕಡೆ ಬಾಯಿ ಯಾರರ ಮುಚ್ಚಿದ್ರ ಏನಾಕ್ಕೈತ್ರಿ?”

“ಗಲ್ಲ ಉಬ್ಬತಾವ್ರಿ.”

“ಹಾಂ! ಎಂಜಿನ್ನಿಂದೂ ಹಂಗ. ಇಳುಕಲದಾಗ ಕೊಳವಿಯೊಳಗಿನ ಈ ದುಂಡನ ಬಿಲ್ಲಿ ಮುಚ್ಚಿದ್ರ ಹೊಗಿ ಹೊರಗ ಹೋಗಾಕ ದಾರಿ ಇಲ್ಲ. ಉಸುರು ಕಟ್ಟಿದ ಎಂಜಿನ್ನು ಗಾಡೀನ್ನ ತಾನ ಹಿಂದಕ ಜಗ್ಗತೈತಿ. ಕಾಲಬ್ರೇಕು ಬಿಸಿ ಆಗಂಗಿಲ್ಲ, ಸವಿಯಂಗಿಲ್ಲ.”

ಮನೆಗೆ ಬಂದು ಊದುಗೊಳವೆಯ ಆ ತುದಿಗೆ ಅಂಗೈ ಒತ್ತಿ ಈ ತುದಿಯಿಂದ ಊದಿ ನೋಡಿದೆ. ಗಲ್ಲವೂ ಉಬ್ಬಿತು, ಕಿವಿಯೂ ಗುಂಯ್ ಎಂದಿತು. ನಮ್ಮ ಮನೆದೇವರು ತುಳಸಿಗೇರಿ ಹನುಮಪ್ಪ ಇಳಿಜಾರಿನಲ್ಲಿ ಬಸ್ಸನ್ನು ಹಿಂದಿನಿಂದ ಬಾಲದಲ್ಲಿ ಸುತ್ತಿ ಹಿಡಿದಂತೆ ಕಣ್ಣಿಗೆ ಕಟ್ಟಿತು. ಆ ದಿನ ನೆಮ್ಮದಿಯಿಂದ ರೊಟ್ಟಿ ಬಡಿದೆ.

ನಾಲ್ಕು ದಿನಕ್ಕೆ ಮಿಸ್ತ್ರಿ ಒಂದು ಚೀಟಿ ಕಳಿಸಿದ. “ಕಪಾಟ ಆಗೇತಿ. ಎಂಜಿನ್ ಬ್ರೇಕ್ ಐತಿ. ಬಂದು ನೋಡಿ ಹೋಗ್ರಿ.” ಇಷ್ಟೇ. ಆದರೆ ನಮ್ಮ ಕಡೆ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತರೂ ಜನ “ಬ್ರೇಕ್ ಆತು” ಎನ್ನುತ್ತಾರೆ. ಮುರಿಯುವುದಕ್ಕೂ ಹಿಡಿದು ನಿಲ್ಲಿಸುವುದಕ್ಕೂ ಒಂದೇ ಸಪ್ಪಳ. ಇಂಗ್ಲಿಷಿನವರು ಬರೆಯುವಾಗ ಬೇರೆ ಬೇರೆ ಬರೆಯುತ್ತಾರಂತೆ, ಹೈಸ್ಕೂಲಿಗೆ ಹೋಗುವ ನನ್ನ ಮಗಳು ಹೇಳುತ್ತಾಳೆ. ಮಿಸ್ತ್ರಿ ಬರೆದದ್ದು ಕನ್ನಡದಲ್ಲಿ. ಭಾವನವರು ಚೀಟಿ ಓದಿ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವ ಹಾಗೆ ಕೂಗಿದರು.

“ಹರಾಜಿನ್ಯಾವ್ರು ಮುರದ ಎಂಜಿನ್ನು ನಮ್ಮ ಕೊರಳಿಗೆ ಕಟ್ಯಾರ! ಎಂಜಿನ್ ಬ್ರೇಕ್ ಆಗೇತಂತ! ಬಿಡಂಗಿಲ್ಲ ನಾ ಅವ್ರನ್ನ!”

ಹತ್ತು ಜನ ಕೂಡಿದರು. ನಾನು ಒಲೆಯ ಮುಂದಿದ್ದೆ. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಭಾವನವರ ಎದುರು ಸೆರಗು ಸರಿಮಾಡಿಕೊಂಡು ಬಾಗಿಲ ಮರೆಯಲ್ಲಿ ನಿಲ್ಲುವವಳು ನಾನು. ಅಂದು ಏನು ಗ್ರಹಚಾರವೋ, ಊದುಗೊಳವೆಯನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದು, “ಮುರದಿಲ್ರಿ ಭಾವಾರ, ಅದು ಹಿಡಿಯೂ ಬ್ರೇಕ್ ರಿ” ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಕೊಳವೆಯ ಬಾಯಿ ಮುಚ್ಚಿ, ಗಲ್ಲ ಉಬ್ಬಿಸಿ ತೋರಿಸಿದೆ!

ಕಟ್ಟೆಗೆ ಕಟ್ಟೆಯೇ ನಕ್ಕಿತು. ಎದುರುಮನೆಯ ಮುದುಕಪ್ಪ, “ನಿನಕಿಂತ ನಿನ್ನ ತಮ್ಮನ ಹೇಣ್ತಿ ಶಾಣ್ಯಾಕಿ ಅದಾಳಲೋ. ಆಕೀನ್ನ ಡ್ರೈವರ್ ಮಾಡು, ನೀ ಒಲಿ ಊದು” ಎಂದ. ಭಾವನವರೂ ನಕ್ಕರು. ಆ ನಗೆ ಹಲ್ಲಿನ ಮೇಲಷ್ಟೇ ಇತ್ತು.

ಮರುದಿನ ಹುನಗುಂದಕ್ಕೆ ಹೋಗಿ ಆ ಎಂಜಿನ್ ಬ್ರೇಕನ್ನೇ ಕತ್ತರಿಸಿ ತೆಗೆಸಿದರು. ಮಿಸ್ತ್ರಿ ಬೇಡವೆಂದನಂತೆ. “ಮುಂದ ಹೋಗೂ ಗಾಡಿಗೆ ಹಿಂದ ಜಗ್ಗೂ ಸಾಮಾನ ಯಾಕೋ? ಹೆಣ್ಮಕ್ಕಳ ಮಾತು ಕೇಳಿ ಧಂದೆ ಮಾಡೂದೇನು?” ಎಂದು ಭಾವನವರು ಬಾಯಿ ಮುಚ್ಚಿಸಿದರಂತೆ. ನಮ್ಮ ಮನೆಯವರು ಸಂಜೆ ಬಂದು, ಬಳೆಯಂಥ ದಪ್ಪ ಕಬ್ಬಿಣದ ಸುತ್ತು, ಅದರ ನಡುವೆ ಮಸಿಗಟ್ಟಿದ ಬಿಲ್ಲೆ, ಇದನ್ನು ನನ್ನ ಮುಂದಿಟ್ಟರು.

“ನೀವರ ಬ್ಯಾಡ ಅನಬೇಕಿಲ್ರಿ?”

“ಹಿರ್ಯಾಂವ ಅದಾನ. ಹೆಂಗ ಅನ್ಲಿ?”

ಅಲ್ಲಿಗೆ ಆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಬ್ರೇಕು ಎಂಬುದು ಇದ್ದರೆ ಕಿರಿಯರ ಬಾಯಿಗೆ ಮಾತ್ರ.

ಬಸ್ಸು ಹೊರಟ ದಿನಗಳಲ್ಲೆಲ್ಲ ನಾನು ಹನುಮಪ್ಪನ ಮುಂದೆ ದೀಪ ಹಚ್ಚುತ್ತಿದ್ದೆ. ಗುಳೇದಗುಡ್ಡದ ಗುಡ್ಡ ಇಳಿಯುವಾಗ ನಮ್ಮ ಮನೆಯವರು ಸಣ್ಣ ಗೇರಿನಲ್ಲಿ ಮೆಲ್ಲಗೆ ಇಳಿಸುತ್ತಿದ್ದರು. ಕೆಲವು ತಿಂಗಳು ಹಾಗೇ ಸಾಗಿತು. ಒಂದು ದಿನ ಮುಂಜಾನೆ ಕೆರೂರ ಸಂತೆಗೆ ಹೊತ್ತಾಯಿತೆಂದು ಪಕ್ಕದಲ್ಲಿ ಕೂತ ಭಾವನವರಿಗೆ ತಡೆಯದಾಯಿತು. “ಚಕ್ಕಡಿ ನಮ್ಮನ್ನ ದಾಟಿ ಹೋತಲೋ. ಗೇರ್ ಬದಲ ಮಾಡೋ!” ಇವರು ದೊಡ್ಡ ಗೇರು ಹಾಕಿದರು, ಬಸ್ಸು ಇಳಿಜಾರಿನಲ್ಲಿ ಓಟ ಹಿಡಿಯಿತು. ಸ್ವಲ್ಪ ದೂರಕ್ಕೆ ಸುಟ್ಟ ವಾಸನೆ ಬಂತಂತೆ, ಕಾಲಬ್ರೇಕು ಒತ್ತಿದರೆ ತಳ ಮುಟ್ಟಿತಂತೆ. ರಸ್ತೆಯ ಹೊರಳಿನಲ್ಲಿ ಬಸ್ಸನ್ನು ಗುಡ್ಡದ ಬದಿಗೆ ತಿರುಗಿಸಿ ಕಲ್ಲುಗುಂಪಿಗೆ ಹಾಯಿಸಿ ನಿಲ್ಲಿಸಿದರು. ಭಾವನವರಿಗೆ ಮೊಳಕೈ ತರಚಿತು. ಇವರ ಎಡಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಯಿತು.

ಬಾಗಲಕೋಟೆಯ ದವಾಖಾನೆಯಿಂದ ಮನೆಗೆ ಬಂದಾಗ ಓಣಿಯವರೆಲ್ಲ, “ಹನುಮಪ್ಪ ಕಾಯ್ದ” ಎಂದರು. ನಾನೂ ಅಂದೆ. ಶನಿವಾರ ತುಳಸಿಗೇರಿಗೆ ಹೋಗಿ ಬೆರಳು ಮಡಿಚಿ ಎಣಿಸಿದೆ. ಜೀವ ಉಳಿಯಿತು, ಒಂದು. ಜಮಖಾನೆಯ ಮೇಲೆ ಗಿರಾಕಿ ಹೆಂಗಸರು ಇರಲಿಲ್ಲ, ಎರಡು. ಕಣಿವೆಯ ಬದಿಗೆ ಹೋಗಲಿಲ್ಲ, ಮೂರು. ನಾಲ್ಕನೇ ಬೆರಳಿಗೆ ಬಂದಾಗ ಕೈ ತಡೆಯಿತು. ಹನುಮಪ್ಪ ಕಾಯಲಿಕ್ಕೆ ಆ ದಿನ ಮುಂಜಾನೆ ಬಂದವನಲ್ಲವಲ್ಲ. ಅವನು ಎಷ್ಟೋ ತಿಂಗಳು ಮೊದಲೇ ಬಸ್ಸಿನಡಿ ಕೂತಿದ್ದ, ಮಸಿ ಹಿಡಿದ ಬಿಲ್ಲೆಯಾಗಿ. ನಾವೇ ಅವನನ್ನು ಕತ್ತರಿಸಿ ತೆಗೆದು, ಆಮೇಲೆ ಬರಿಗೈಯಲ್ಲಿ ಕಾಯಪ್ಪಾ ಎಂದೆವು. ಅವನು ಅಷ್ಟನ್ನೂ ಮಾಡಿದ. ದೇವರಿಗೆ ಇರುವ ಸಹನೆ ನನಗಿಲ್ಲ, ಅದಕ್ಕೇ ನಾನು ಒಲೆಯ ಮುಂದಿದ್ದೇನೆ.

ಕುಣಿಮಗ್ಗದಲ್ಲಿ ಕೂತು, ತಗ್ಗಿಗೆ ಕಾಲಿಳಿಸಿ ನೇಯಲು ಎರಡೂ ಕಾಲು ಬೇಕು. ಇವರ ಎಡಗಾಲು ಮಡಚುವುದಿಲ್ಲ. ಈಗ ಮಗ್ಗದ ಕುಣಿಗೆ ಇಳಿಯುವವಳು ನಾನು. ಇವರು ಮೇಲೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಾರೆ. ಹಗಲೆಲ್ಲ ಕಾಲಹಲಗೆ ಒತ್ತಿ ಒತ್ತಿ ನನ್ನ ಕಾಲಿಗೆ ಒತ್ತುವ ಚಾಳಿ ಬಿಡದಾಗಿದೆಯೋ ಏನೋ.

ಅಂದು ನಾನು ಕಟ್ಟೆಗೆ ಬರದಿದ್ದರೆ ಆ ಬ್ರೇಕು ಬಸ್ಸಿನಲ್ಲೇ ಉಳಿಯುತ್ತಿತ್ತು ಎಂದು ಒಂದೊಂದು ಸಲ ಅನಿಸುತ್ತದೆ. ಮಿಸ್ತ್ರಿ ತಾನೇ ಭಾವನವರಿಗೆ ಹೇಳುತ್ತಿದ್ದ, ಅವರು ಹೂಂ ಎನ್ನುತ್ತಿದ್ದರು, ತಿಳಿದದ್ದು ಅವರದೇ ಆಗುತ್ತಿತ್ತು. ನನ್ನಿಂದ ತಿಳಿಯಿತು ಎಂಬುದೇ ಆ ಕಬ್ಬಿಣದ ತಪ್ಪು. ಅದಕ್ಕೆಂದು ಬಾಯಿ ಮುಚ್ಚಿಕೊಂಡಿರಬೇಕೇನು? ಮುಚ್ಚಿದರೆ ಏನಾಗುತ್ತದೆಂದು ಊದಿ ನೋಡಿದವಳು ನಾನು. ಉಸಿರು ತಿರುಗಿ ಎದೆಗೇ ಬರುತ್ತದೆ.

ಆ ಸುತ್ತು ಬಿಲ್ಲೆಯನ್ನು ಬೂದಿ ಹಾಕಿ ತಿಕ್ಕಿ ಬೆಳಗಿ, ಹಾಲಿನ ಗಡಿಗೆಯ ಮುಚ್ಚಳದ ಮೇಲೆ ಹೇರಿದ್ದೇನೆ. ಓಣಿಯ ಬೆಕ್ಕುಗಳು ಎಷ್ಟು ದೂಡಿದರೂ ಅಲುಗಾಡುವುದಿಲ್ಲ. ಇಷ್ಟು ದಿನಕ್ಕೆ ಅದಕ್ಕೊಂದು ಕೆಲಸ ಸಿಕ್ಕಿತು. ಇದನ್ನೂ ಬೆರಳಿನಲ್ಲಿ ಎಣಿಸಬಹುದು.

ಹೋದ ಸೋಮವಾರ ಭಾವನವರು ಊಟಕ್ಕೆ ಬಂದಿದ್ದರು. ಗಡಿಗೆಯ ಕಡೆ ನೋಡಿ, ಅದನ್ನು ಎತ್ತಿ ಕೈಯಲ್ಲಿ ತೂಗಿದರು. ಗುರುತು ಹತ್ತಲಿಲ್ಲ.

“ಏನವ್ವಾ ಇದು?”

“ಬ್ರೇಕ್ ರಿ, ಭಾವಾರ.”

“ಯಾತರದು?”

ಇವರು ತಾಟಿನಿಂದ ತಲೆ ಎತ್ತಿ ನನ್ನ ಮುಖ ನೋಡಿದರು.

“ಬೆಕ್ಕಿಂದ್ರಿ” ಎಂದೆ.

ಭಾವನವರು ಮನಸಾರೆ ನಕ್ಕರು. ಮತ್ತೆ ಅದನ್ನು ಮುಚ್ಚಳದ ಮೇಲೆ ಸರಿಯಾಗಿ ನಡುಮಧ್ಯ ಇಟ್ಟು, “ಭಾಳ ವಜ್ಜಿ ಐತಿ, ಛಲೋ ಹಿಡೀತೈತಿ. ಇರ್ಲಿ, ತಗೀಬ್ಯಾಡವ್ವಾ ಇದನ್ನ” ಎಂದರು.

“ಹೂಂನ್ರಿ” ಎಂದು ಅವರಿಗೆ ಇನ್ನೊಂದು ಸವುಟು ಮಜ್ಜಿಗೆ ಬಡಿಸಿದೆ.