ಎತ್ತು ಬಿಚ್ಚದೆ ಗಾಡಿ ತಳ್ಳಿದ್ದು

"ಬರ್ಲಿ, ಬರ್ಲಿ, ಬರ್ಲಿ... ಅಯ್ಯೋ, ನಿಲ್ಸ್ರೀ!" ಎಂದು ನನ್ನ ಹೆಂಡತಿ ಕೂಗುವಷ್ಟರಲ್ಲಿ ಟ್ರೈಲರಿನ ಹಿಂಬದಿ ನಮ್ಮದೇ ಗೇಟಿನ ಕಂಬಕ್ಕೆ ಮೂರನೇ ಸಲ ಗುದ್ದಿತ್ತು. ಒಳಗೆ ಹಾಸಿಗೆ, ಒಲೆ ಎಲ್ಲ ಇರುವ ಈ ಕ್ಯಾಂಪಿಂಗ್ ಟ್ರೈಲರನ್ನು ಜೀಪಿಗೆ ಸಿಕ್ಕಿಸಿಕೊಂಡು ಹೋಗಿ, ಮದಲೂರು ಕೆರೆಯ ಬಳಿ ಎರಡು ದಿನ ರಾಜನ ಹಾಗೆ ಇದ್ದು ಬಂದಿದ್ದೆ. ಈಗ ಕಳ್ಳಂಬೆಳ್ಳದ ನಮ್ಮ ಓಣಿಯಲ್ಲಿ ಅದನ್ನು ರಿವರ್ಸಿನಲ್ಲಿ ಅಂಗಳಕ್ಕೆ ಸೇರಿಸಬೇಕಿತ್ತು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತಿತ್ತು. ಬಲಕ್ಕೆ ತಿರುಗಿಸಿದರೆ ಜೀಪಿನ ಮೂತಿ ಎದುರು ಮನೆಯ ರಂಗಮ್ಮಜ್ಜಿಯ ಜಗಲಿಯತ್ತ ನುಗ್ಗುತ್ತಿತ್ತು. ಡೇರಿಗೆ ಹಾಲು ಹಾಕಲು ಹೊರಟವರೆಲ್ಲ ಕ್ಯಾನು ಕೆಳಗಿಟ್ಟು ಸಲಹೆ ಕೊಡತೊಡಗಿದರು. "ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ, ನಂಗೆ ಹೇಳ್ಕೊಡ್ಬೇಡಿ" ಎಂದು ಎಲ್ಲರ ಮೇಲೂ ರೇಗಿದೆ. ನಾಲ್ಕನೇ ಸಲ ಕಂಬವೇ ವಾಲಿತು.

ಆಗ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ಬಾಯಿಬಿಟ್ಟರು: "ಎತ್ತು ಕಟ್ಕಂಡೇ ಯಾರಾನಾ ಗಾಡಿ ಹಿಂದಕ್ಕೆ ತಳ್ತಾರೇನಪ್ಪ? ಮೊದ್ಲು ಎತ್ತು ಬಿಚ್ಬುಡು. ನಾಕ್ ಜನ ಕೈ ಹಾಕಿದ್ರೆ ತಾನಾಗೇ ಒಳೀಕ್ ಹೋಯ್ತದೆ."

ಓಣಿಯೆಲ್ಲ ಗೊಳ್ಳೆಂದಿತು. ಜೀಪು ಬಿಚ್ಚಿದೆ. ನಾನು ರೇಗಿದ್ದ ಹಾಲಿನವರೇ ನಾಲ್ಕು ಜನ ಬಂದು ತಳ್ಳಿದರು. ಎರಡೇ ನಿಮಿಷಕ್ಕೆ ಟ್ರೈಲರ್, ಸಂಜೆ ಹಸು ಕೊಟ್ಟಿಗೆಗೆ ಹೋದಷ್ಟು ಸಲೀಸಾಗಿ ಒಳಗೆ ಹೋಯಿತು.

ಕಂಬ ಇನ್ನೂ ವಾಲಿಕೊಂಡೇ ಇದೆ. ಈಗ ಟೂರು ಮುಗಿಸಿ ಬಂದಾಗಲೆಲ್ಲ ಗೇಟಿನ ಮುಂದೆ ನಾನು ಮೊದಲು ಜೀಪು ಬಿಚ್ಚುತ್ತೇನೆ. ಅಜ್ಜಿ ಎಲೆಯಡಿಕೆ ಚೀಲದಿಂದ ಕತ್ತೆತ್ತಿಯೂ ನೋಡುವುದಿಲ್ಲ. ಅದನ್ನೇ ನನ್ನ ಡ್ರೈವಿಂಗ್ ಸರ್ಟಿಫಿಕೇಟ್ ಎಂದುಕೊಂಡಿದ್ದೇನೆ.